ಉಹುದ್‌ನ ಪೆಟ್ಟಿನ ನಂತರವೂ 'ಅವರನ್ನು ಕೇಳಿ' ಎಂದದ್ದು ಏಕೆ?

ಪ್ರಶ್ನೆ: ನಾನು ಮಲೆನಾಡಿನ ಒಂದು ಸಣ್ಣ ಊರಿನವನು, ವಯಸ್ಸು 28. ಕಳೆದ ಮಹಾಸಭೆಯಲ್ಲಿ ನನ್ನನ್ನು ನಮ್ಮ ಮಸೀದಿಯ ಜಮಾಅತ್ ಕಮಿಟಿಗೆ ಆರಿಸಿದರು. ಒಟ್ಟು 11 ಜನರ ಕಮಿಟಿ. ಹಿಂದೆ ಹಿರಿಯರೊಬ್ಬರು ಮಕ್ಕಳ ಮದ್ರಸಕ್ಕೆಂದು ಬರೆದುಕೊಟ್ಟ ಜಾಗ ಒಂದಿದೆ. ಅಲ್ಲಿ ಅಂಗಡಿ ಮಳಿಗೆ ಕಟ್ಟಿಸಿ ಬಾಡಿಗೆಗೆ ಕೊಡಲು ಅಧ್ಯಕ್ಷರು ಹೊರಟಿದ್ದಾರೆ. ಸಭೆಯಲ್ಲಿ 7 ಜನ ಬೇಡ ಎಂದೆವು. "ಮಶ್ವರಾ (ಸಲಹೆ) ಕೇಳಿದ್ದೇನೆ, ಆಯಿತು. ತೀರ್ಮಾನ ಅಮೀರನದ್ದು (ನಾಯಕನದ್ದು)" ಎಂದುಬಿಟ್ಟರು. ಕೆಲವು ವರ್ಷದ ಹಿಂದೆ ಬಹುಮತದ ಮಾತು ಕೇಳಿ ಮಸೀದಿಗೆ ಮಹಡಿ ಕಟ್ಟಿಸಿದ್ದರು. ಅದು ಮೊದಲ ಮಳೆಗೇ ಸೋರಿ ದುಡ್ಡು ದಂಡವಾಯಿತು. "ನಿಮ್ಮ ಮಾತು ಕೇಳಿದ್ದರ ಫಲ ನೋಡಿದ್ದೇನೆ" ಅಂತಲೂ ಹೇಳುತ್ತಾರೆ. ಇಸ್ಲಾಮಿನಲ್ಲಿ ಶೂರಾ ಎಂದರೆ ಬರೀ ಸಲಹೆಯೇ? ಬಹುಮತಕ್ಕೆ ಬೆಲೆಯೇ ಇಲ್ಲವೇ? ಇದು ಪ್ರಜಾಪ್ರಭುತ್ವವೇ, ಬೇರೆಯೇ? ಹೆಂಗಸರನ್ನು, ನನ್ನಂಥ ಕಿರಿಯರನ್ನು ಕೇಳಬೇಕೆಂದಿದೆಯೇ? ರಾಜೀನಾಮೆ ಕೊಟ್ಟುಬಿಡೋಣ ಅನ್ನಿಸುತ್ತಿದೆ.

ಉತ್ತರ: ಸಹೋದರರೇ, ಅಸ್ಸಲಾಮು ಅಲೈಕುಮ್.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಮಹಡಿ ಸೋರಿದ ಮಾತಿನ ಮೇಲೆ. ಒಮ್ಮೆ ಇವರ ಮಾತು ಕೇಳಿ ಕೆಟ್ಟೆವು, ಇನ್ನೇಕೆ ಕೇಳಬೇಕು ಎಂಬ ಮಾತು. ಮದ್ರಸದಲ್ಲಿ ಕುರ್‌ಆನ್ ಪಾಠ ಹೇಳುತ್ತಾ ನನಗೆ ಅರ್ಧ ಆಯುಷ್ಯ ಕಳೆದಿದೆ. ಜಮಾಅತ್‌ಗಳ ಜಗಳ ಬಿಡಿಸಲು ಕರೆದಾಗ ಈ ಮಾತು ಯಾವುದಾದರೂ ಒಂದು ರೂಪದಲ್ಲಿ ಕಿವಿಗೆ ಬಿದ್ದೇ ಬೀಳುತ್ತದೆ. ಆಗೆಲ್ಲ ನನಗೆ ಉಹುದ್ ಯುದ್ಧ ನೆನಪಾಗುತ್ತದೆ. "ಅವರೊಡನೆ ಸಮಾಲೋಚಿಸಿ" ಎಂದು ಕುರ್‌ಆನ್ ಪ್ರವಾದಿಯವರಿಗೆ (ಸ) ನೇರವಾಗಿ ಹೇಳಿದ್ದು, ಸಲಹೆ ಫಲಿಸಿ ಗೆದ್ದ ದಿನದ ಸಂದರ್ಭದಲ್ಲಿ ಅಲ್ಲ. ಜನರ ಸಲಹೆಯಂತೆ ಹೊರಟು, 70 ಜನರನ್ನು ಮಣ್ಣು ಮಾಡಿ ಬಂದ ಮೇಲೆ. ನಿಮ್ಮ ಎಲ್ಲ ಪ್ರಶ್ನೆಗಳಿಗೂ ದಾರಿ ಇಲ್ಲಿಂದಲೇ ತೆರೆಯುತ್ತದೆ. ಹಾಗಾಗಿ ಆ ಘಟನೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹಿಜರಿ 3ನೇ ವರ್ಷ, ಅಂದರೆ ಕ್ರಿ.ಶ. 625. ಹಿಂದಿನ ವರ್ಷ ಬದ್ರ್‌ನಲ್ಲಿ ಸೋತಿದ್ದ ಮಕ್ಕಾದ ಕುರೈಶರು ಸೇಡು ತೀರಿಸಿಕೊಳ್ಳಲು ಸುಮಾರು 3000 ಜನರ ಸೈನ್ಯ ಕಟ್ಟಿಕೊಂಡು ಮದೀನದ ಹತ್ತಿರ ಬೀಡುಬಿಟ್ಟರು. ಪ್ರವಾದಿಯವರು (ಸ) ಜನರನ್ನು ಸೇರಿಸಿ, ಏನು ಮಾಡೋಣ ಎಂದು ಕೇಳಿದರು. ಅವರ ಸ್ವಂತ ಮನಸ್ಸು ಊರೊಳಗೇ ಇದ್ದು ಎದುರಿಸೋಣ ಎಂದಿತ್ತು. ಅವರಿಗೆ ಒಂದು ಕನಸೂ ಬಿದ್ದಿತ್ತು. ಗಟ್ಟಿಯಾದ ಕವಚದೊಳಗೆ ಕೈ ಇಟ್ಟ ಹಾಗೆ. ಆ ಕವಚವೇ ಮದೀನ ಎಂದು ಅವರು ಅರ್ಥ ಮಾಡಿಕೊಂಡಿದ್ದರು. ಆದರೆ ಬದ್ರ್‌ಗೆ ಹೋಗಲು ಸಿಗದಿದ್ದ ಯುವಕರಿಗೆ ಬಿಸಿರಕ್ತ. ಹೊರಗೆ ಹೋಗಿ ಬಯಲಿನಲ್ಲೇ ಎದುರಿಸೋಣ, ಹೆದರಿ ಒಳಗೆ ಕೂತರು ಅನ್ನಿಸಿಕೊಳ್ಳುವುದು ಬೇಡ ಎಂದು ಪಟ್ಟು ಹಿಡಿದರು. ಹೆಚ್ಚಿನವರ ಒಲವು ಆ ಕಡೆಗೇ ಇತ್ತು. ಪ್ರವಾದಿಯವರು (ಸ) ಒಪ್ಪಿದರು. ಮನೆಯೊಳಗೆ ಹೋಗಿ ಕವಚ ತೊಟ್ಟು ಬಂದರು.

ಅಷ್ಟರಲ್ಲಿ ಆ ಯುವಕರಿಗೇ ಅಳುಕಾಯಿತು. ಅಲ್ಲಾಹನ ಸಂದೇಶವಾಹಕರನ್ನು ಒತ್ತಾಯ ಮಾಡಿದೆವಲ್ಲ ಎಂದು ನೊಂದುಕೊಂಡರು. ನಿಮ್ಮ ಇಷ್ಟದಂತೆ ಊರೊಳಗೇ ಇರೋಣ ಎಂದರು. ಪ್ರವಾದಿಯವರು (ಸ) ಒಪ್ಪಲಿಲ್ಲ. ಒಬ್ಬ ಪ್ರವಾದಿ ಕವಚ ತೊಟ್ಟ ಮೇಲೆ ಹೋರಾಡದೆ ಅದನ್ನು ಕಳಚುವುದು ತಕ್ಕದ್ದಲ್ಲ ಎಂದು ಉತ್ತರಿಸಿದರು. ಕೂತು ಮಾತಾಡಿದ್ದು ಮುಗಿದಿತ್ತು, ತೀರ್ಮಾನ ಆಗಿತ್ತು. ಇನ್ನು ಹಿಂದೆ ಮುಂದೆ ನೋಡುತ್ತಾ ನಿಂತರೆ ಸೈನ್ಯ ನಡೆಯುವುದಿಲ್ಲ.

ಸುಮಾರು 1000 ಜನ ಹೊರಟರು. ದಾರಿಯಲ್ಲಿ ಅಬ್ದುಲ್ಲಾ ಇಬ್ನ್ ಉಬಯ್ಯ್ ಎಂಬವನು ಸುಮಾರು 300 ಜನರನ್ನು ಕರೆದುಕೊಂಡು ವಾಪಸ್ ಹೋದ. "ಅವರ ಮಾತು ಕೇಳಿದರು, ನನ್ನ ಮಾತು ಕೇಳಲಿಲ್ಲ" ಎಂಬುದು ಅವನ ಕಾರಣ. ಇಲ್ಲಿ ಒಂದು ವಿಷಯ ಗಮನಿಸಿ. ಊರೊಳಗೇ ಇರೋಣ ಎಂಬ ಅಭಿಪ್ರಾಯ ಇಬ್ನ್ ಉಬಯ್ಯ್‌ನದ್ದೂ ಹೌದು, ಪ್ರವಾದಿಯವರದ್ದೂ (ಸ) ಹೌದು. ಇಬ್ಬರ ಅಭಿಪ್ರಾಯವೂ ಒಂದೇ, ಎರಡೂ ಸಭೆಯಲ್ಲಿ ನಿಲ್ಲಲಿಲ್ಲ. ಒಬ್ಬರು ಜನರ ಜೊತೆ ಯುದ್ಧಭೂಮಿಗೆ ನಡೆದರು. ಇನ್ನೊಬ್ಬ ಮುನಿಸಿಕೊಂಡು ಮನೆಗೆ ಹೋದ. ಪ್ರತಿ ಸಲ ಈ ಪಾಠ ಹೇಳುವಾಗ ನಾನು ಇಲ್ಲಿ ಸ್ವಲ್ಪ ಹೊತ್ತು ಸುಮ್ಮನಾಗುತ್ತೇನೆ.

ಮುಂದಿನದು ನಿಮಗೆ ಗೊತ್ತು. ಗುಡ್ಡದ ಮೇಲೆ 50 ಬಿಲ್ಲುಗಾರರನ್ನು ನಿಲ್ಲಿಸಿ, ಏನೇ ಆದರೂ ಜಾಗ ಬಿಡಬೇಡಿ ಎಂದು ಹೇಳಿದ್ದರು. ಗೆಲುವು ಕಣ್ಣಿಗೆ ಕಂಡ ಕೂಡಲೇ ಹೆಚ್ಚಿನವರು ಕೆಳಗಿಳಿದರು. ವೈರಿ ಹಿಂದಿನಿಂದ ಸುತ್ತಿ ಬಂದ. ಪ್ರವಾದಿಯವರ (ಸ) ಚಿಕ್ಕಪ್ಪ ಹಂಝಾ (ರ) ಸೇರಿ 70 ಜನ ಹುತಾತ್ಮರಾದರು. ಪ್ರವಾದಿಯವರಿಗೂ (ಸ) ಗಾಯಗಳಾದವು, ಹಲ್ಲು ಮುರಿಯಿತು.

ಈಗ ನಮ್ಮ ಊರಿನ ಯಾವುದೇ ಕಮಿಟಿಯಾಗಿದ್ದರೆ ಮರುದಿನ ಏನಾಗುತ್ತಿತ್ತು? "ನಾನು ಆಗಲೇ ಹೇಳಿರಲಿಲ್ವಾ?" ಎಂಬ ಮಾತು ಮೊದಲು ಬರುತ್ತಿತ್ತು. ಆ ಯುವಕರನ್ನು ಇನ್ನು ಹತ್ತು ವರ್ಷ ಸಭೆಯ ಹತ್ತಿರಕ್ಕೂ ಸೇರಿಸುತ್ತಿರಲಿಲ್ಲ. ಆದರೆ ಕುರ್‌ಆನಿನ 3ನೇ ಅಧ್ಯಾಯದ 159ನೇ ವಚನ ಬೇರೆಯೇ ದಾರಿ ತೋರಿಸಿತು. ಅಲ್ಲಾಹನ ಕರುಣೆಯಿಂದ ನೀವು ಅವರ ವಿಷಯದಲ್ಲಿ ಮೃದುವಾಗಿದ್ದೀರಿ, ಒರಟರೂ ಕಲ್ಲೆದೆಯವರೂ ಆಗಿದ್ದರೆ ಅವರು ನಿಮ್ಮ ಸುತ್ತಲಿಂದ ಚದುರಿಹೋಗುತ್ತಿದ್ದರು ಎಂದು ಅದು ಶುರುವಾಗುತ್ತದೆ. ಆಮೇಲೆ ಮೂರು ಕೆಲಸ ಹೇಳುತ್ತದೆ. ಅವರನ್ನು ಮನ್ನಿಸಿ. ಅವರಿಗಾಗಿ ಅಲ್ಲಾಹನಲ್ಲಿ ಕ್ಷಮೆ ಬೇಡಿ. ವ್ಯವಹಾರಗಳಲ್ಲಿ ಅವರೊಡನೆ ಸಮಾಲೋಚಿಸಿ. ನಿರ್ಧರಿಸಿದ ಮೇಲೆ ಅಲ್ಲಾಹನ ಮೇಲೆ ಭರವಸೆ ಇಡಿ.

ಇಲ್ಲಿ 'ಅವರು' ಅಂದರೆ ಯಾರು? ಹೊರಗೆ ಹೋಗೋಣ ಎಂದು ಪಟ್ಟು ಹಿಡಿದವರು, ಗುಡ್ಡ ಬಿಟ್ಟು ಇಳಿದವರು, ಗಲಿಬಿಲಿಯಲ್ಲಿ ಓಡಿದವರು. ಇದೇ ಜನರನ್ನು ಮತ್ತೆ ಕೇಳಿ ಎಂದು ಹೇಳಲಾಗುತ್ತಿದೆ. ಕೇಳುವವರು ಯಾರು? ದೇವವಾಣಿ ಬರುತ್ತಿದ್ದ ಪ್ರವಾದಿ (ಸ). ಅವರಿಗೇ ಈ ಮಾತು ಹೇಳಿದ ಮೇಲೆ, ನಾಲ್ಕು ವರ್ಷದ ಅವಧಿಗೆ ಆರಿಸಿಬಂದ ಅಧ್ಯಕ್ಷರಿಗೆ, ನನಗೆ, ನಿಮಗೆ ವಿನಾಯಿತಿ ಎಲ್ಲಿಂದ ಬರಬೇಕು?

ಇನ್ನೊಂದು ಸೂಕ್ಷ್ಮ ಇದೆ. ಅದೇ ಅಧ್ಯಾಯದ 152ನೇ ವಚನ ಉಹುದ್‌ನ ಪೆಟ್ಟಿಗೆ ಕಾರಣ ಹೇಳುವಾಗ ತಂಟೆ ಮಾಡಿಕೊಂಡದ್ದನ್ನು, ಆಜ್ಞೆ ಮೀರಿದ್ದನ್ನು ಹೇಳುತ್ತದೆ. ಹೊರಗೆ ಹೋಗೋಣ ಎಂಬ ತೀರ್ಮಾನವನ್ನು ದೂರುವುದಿಲ್ಲ. "ನಮ್ಮ ಮಾತು ಕೇಳಿದ್ದರೆ ಅವರು ಸಾಯುತ್ತಿರಲಿಲ್ಲ" ಎಂದು ಮನೆಯಲ್ಲಿ ಕೂತು ಆಡಿಕೊಂಡವರನ್ನು 168ನೇ ವಚನ ಖಂಡಿಸುತ್ತದೆ. ನಿಮ್ಮ ಮಸೀದಿಯ ಮಹಡಿಯನ್ನೂ ಈ ಕಣ್ಣಿನಿಂದ ನೋಡಿ. ಮಹಡಿ ಕಟ್ಟಬೇಕು ಎಂದು ಬಹುಮತ ಹೇಳಿತು, ಸರಿ. ಅದು ಸೋರಿದ್ದು ಬಹುಮತದಿಂದಲೇ? ಮೇಸ್ತ್ರಿಯನ್ನು ಆರಿಸಿದ್ದು ಯಾರು, ಸಿಮೆಂಟು ಲೆಕ್ಕ ನೋಡಿದ್ದು ಯಾರು, ನೀರು ನಿಲ್ಲಿಸಿ ಪರೀಕ್ಷೆ ಮಾಡದೆ ಕೊನೆಯ ಕಂತು ಕೊಟ್ಟದ್ದು ಯಾರು? ತೀರ್ಮಾನ ಬೇರೆ, ಅದನ್ನು ನಡೆಸಿದ ರೀತಿ ಬೇರೆ. ಎರಡನ್ನೂ ಕಲಸಿಬಿಟ್ಟರೆ ಕೊನೆಗೆ ಕೇಳುವ ಪದ್ಧತಿಯೇ ತಪ್ಪಿತಸ್ಥ ಆಗುತ್ತದೆ.

'ಶೂರಾ' ಪದದ ಬಗ್ಗೆ ಒಂದು ಮಾತು ಹೇಳಬೇಕು, ನನಗೆ ಬಹಳ ಇಷ್ಟವಾದದ್ದು. ಅರಬಿಯಲ್ಲಿ ಇದೇ ಧಾತುವಿನಿಂದ ಬಂದ ಕ್ರಿಯಾಪದವನ್ನು ಜೇನುಹುಟ್ಟಿನಿಂದ ತುಪ್ಪ ತೆಗೆಯುವುದಕ್ಕೂ ಬಳಸುತ್ತಾರೆ. ನೀವು ಮಲೆನಾಡಿನವರು, ಜೇನು ಬಿಡಿಸುವುದನ್ನು ನೋಡಿರುತ್ತೀರಿ. ತುಪ್ಪ ಒಂದೇ ಕಣ್ಣಲ್ಲಿ ಇರುವುದಿಲ್ಲ. ಎಲ್ಲ ಕಣ್ಣುಗಳಿಂದಲೂ ಸ್ವಲ್ಪ ಸ್ವಲ್ಪ ಬರಬೇಕು. ಅವಸರ ಮಾಡಿದರೆ ಹುಳುಗಳೂ ಸಾಯುತ್ತವೆ, ಕೈಗೂ ಕಚ್ಚುತ್ತವೆ.

ಕುರ್‌ಆನಿನ 42ನೇ ಅಧ್ಯಾಯದ ಹೆಸರೇ ಶೂರಾ. ಅದರ 38ನೇ ವಚನ ವಿಶ್ವಾಸಿಗಳ ಗುಣ ಹೇಳುತ್ತಾ, ತಮ್ಮ ಪ್ರಭುವಿನ ಕರೆಗೆ ಓಗೊಟ್ಟವರು, ನಮಾಝ್ ನೆಲೆನಿಲ್ಲಿಸಿದವರು, ತಮ್ಮ ವ್ಯವಹಾರಗಳನ್ನು ಪರಸ್ಪರ ಸಮಾಲೋಚನೆಯಿಂದ ನಡೆಸುವವರು, ನಾವು ಕೊಟ್ಟದ್ದರಿಂದ ಖರ್ಚು ಮಾಡುವವರು ಎನ್ನುತ್ತದೆ. ನಮಾಝ್ ಈ ಕಡೆ, ದಾನ ಆ ಕಡೆ, ನಡುವೆ ಶೂರಾ. ಇದು ಮಕ್ಕಾದಲ್ಲಿ ಅವತೀರ್ಣವಾದ ಅಧ್ಯಾಯ. ಆಗ ಮುಸ್ಲಿಮರಿಗೆ ರಾಜ್ಯ ಇರಲಿಲ್ಲ, ಸೈನ್ಯ ಇರಲಿಲ್ಲ, ಖಜಾನೆ ಇರಲಿಲ್ಲ. ಆಳ್ವಿಕೆ ಬರುವುದಕ್ಕೆ ಎಷ್ಟೋ ಮೊದಲೇ ಈ ಗುಣ ಬಂದಿದೆ. ಇನ್ನೂ ಸಣ್ಣ ಜಾಗಕ್ಕೆ ಬನ್ನಿ. 2ನೇ ಅಧ್ಯಾಯದ 233ನೇ ವಚನ ಮಗುವಿಗೆ ಎದೆಹಾಲು ಬಿಡಿಸುವ ಬಗ್ಗೆ ಹೇಳುತ್ತದೆ. ಎರಡು ವರ್ಷಕ್ಕೆ ಮೊದಲೇ ಬಿಡಿಸುವುದಾದರೆ ತಂದೆ ತಾಯಿ ಇಬ್ಬರೂ ಒಪ್ಪಿ, ಸಮಾಲೋಚಿಸಿ ಮಾಡಲಿ, ಆಗ ದೋಷವಿಲ್ಲ ಎನ್ನುತ್ತದೆ. ಹಾಲು ಬಿಡಿಸುವ ವಿಷಯವನ್ನೇ ಗಂಡ ಒಬ್ಬನೇ ತೀರ್ಮಾನಿಸುವಂತಿಲ್ಲ. ಇಡೀ ಜಮಾಅತ್‌ನ ಜಾಗದ ವಿಷಯವನ್ನು ಒಬ್ಬರೇ ತೀರ್ಮಾನಿಸಬಹುದೇ?

ಆದರೆ ಎಲ್ಲವನ್ನೂ ಶೂರಾಕ್ಕೆ ಹಾಕುವ ಹಾಗಿಲ್ಲ. ಇದು ನಿಮ್ಮ ಪ್ರಶ್ನೆಯ ಮುಖ್ಯ ಗಂಟು, ಆದರೆ ನಿಮ್ಮ ಪತ್ರದಲ್ಲಿ ಅದರ ಬಗ್ಗೆ ಒಂದು ಸಾಲೂ ಇಲ್ಲ. ಬದ್ರ್‌ನಲ್ಲಿ ಪ್ರವಾದಿಯವರು (ಸ) ಒಂದು ಕಡೆ ಬೀಡುಬಿಟ್ಟಾಗ ಹುಬಾಬ್ ಇಬ್ನುಲ್ ಮುಂದಿರ್ (ರ) ಬಂದು ಕೇಳಿದರು, ಈ ಜಾಗ ಅಲ್ಲಾಹನು ಹೇಳಿದ್ದೋ, ನಿಮ್ಮ ಅಭಿಪ್ರಾಯವೋ ಎಂದು. ಅಭಿಪ್ರಾಯ ಎಂದ ಮೇಲೆಯೇ ತಮ್ಮ ಸಲಹೆ ಕೊಟ್ಟರು. ವೈರಿಗೆ ಹತ್ತಿರದ ಬಾವಿಯ ಬಳಿ ಹೋಗೋಣ, ಉಳಿದ ಬಾವಿಗಳನ್ನು ಮುಚ್ಚೋಣ ಎಂದರು. ಹಾಗೆಯೇ ಮಾಡಿದರು. ಆ ಮೊದಲ ಪ್ರಶ್ನೆ ನೋಡಿ. ಇದು ಚರ್ಚಿಸಬಹುದಾದ ವಿಷಯವೇ, ಅಲ್ಲವೇ ಎಂದು ಮೊದಲು ಕೇಳಿ ತಿಳಿದುಕೊಂಡರು. ಹಲಾಲ್ ಹರಾಮ್ ಮತಕ್ಕೆ ಹಾಕುವ ವಿಷಯವಲ್ಲ. ಐದು ಹೊತ್ತಿನ ನಮಾಝನ್ನು ನಾಲ್ಕು ಮಾಡಲು ಯಾವ ಬಹುಮತಕ್ಕೂ ಅಧಿಕಾರವಿಲ್ಲ.

ನಿಮ್ಮ ಜಾಗ ಇಂಥ ಗಡಿಯ ಮೇಲೆಯೇ ಇದೆ. ಅದನ್ನು ಕೊಟ್ಟವರು ಮಕ್ಕಳ ಮದ್ರಸಕ್ಕೆ ಎಂದು ಬರೆದುಕೊಟ್ಟಿದ್ದರೆ ಅದು ವಕ್ಫ್, ಅಂದರೆ ಧರ್ಮಕಾರ್ಯಕ್ಕೆ ಬಿಟ್ಟುಕೊಟ್ಟ ಆಸ್ತಿ. ದಾನಿ ಹಾಕಿದ ಷರತ್ತನ್ನು ಗೌರವಿಸಬೇಕು ಎನ್ನುವುದರಲ್ಲಿ ನಮ್ಮ ಫಿಕ್ಹ್ (ಧರ್ಮಶಾಸ್ತ್ರ) ಬಹಳ ಕಟ್ಟುನಿಟ್ಟು. ಹಾಗಾದರೆ ಅಧ್ಯಕ್ಷರು ಒಬ್ಬರೇ ಬದಲಿಸುವಂತಿಲ್ಲ ಎಂಬುದು ಒಂದು ಕಡೆ. ನೀವು 7 ಜನ ಅಲ್ಲ, 11 ಜನ ಸೇರಿ ಕೈ ಎತ್ತಿದರೂ ಸುಮ್ನೆ ಬದಲಿಸಲು ಬರುವುದಿಲ್ಲ ಎಂಬುದು ಇನ್ನೊಂದು ಕಡೆ. ಮಳಿಗೆಯ ಬಾಡಿಗೆಯಿಂದಲೇ ಮದ್ರಸ ನಡೆಸುತ್ತೇವೆ ಎಂದರೆ ಅದು ದಾನಿಯ ಉದ್ದೇಶಕ್ಕೆ ಸಲ್ಲುತ್ತದೆಯೇ ಎಂದು ಬಲ್ಲ ಮುಫ್ತಿಯವರಿಗೆ ಪತ್ರ ತೋರಿಸಿ ಕೇಳಬೇಕು. ಜೊತೆಗೆ ವಕ್ಫ್ ಆಸ್ತಿಯನ್ನು ಗುತ್ತಿಗೆಗೆ ಕೊಡುವುದಕ್ಕೆ ಕಾನೂನಿನ ನಿಯಮಗಳಿವೆ. ಜಾಗ ವಕ್ಫ್ ಮಂಡಳಿಯಲ್ಲಿ ನೋಂದಣಿ ಆಗಿದ್ದರೆ ಮಂಡಳಿಯನ್ನು ಕೇಳದೆ ಒಂದು ಕಲ್ಲೂ ಇಡಬಾರದು. ಹಾಗಾಗಿ ಮಳಿಗೆ ಬೇಕೋ ಬೇಡವೋ ಎಂಬುದು ನಿಮ್ಮ ಸಭೆಯ ಎರಡನೇ ಪ್ರಶ್ನೆ. ಪತ್ರದಲ್ಲಿ ಏನು ಬರೆದಿದೆ ಎಂಬುದು ಮೊದಲನೆಯದು.

ಇನ್ನು "ತೀರ್ಮಾನ ಅಮೀರನದ್ದು" ಎಂಬ ಮಾತು. ನಿಮ್ಮ ಅಧ್ಯಕ್ಷರು ಇದನ್ನು ತಾವೇ ಹುಟ್ಟಿಸಿದ್ದಲ್ಲ, ಅವರಿಗೂ ನ್ಯಾಯ ಸಲ್ಲಬೇಕು. ಸಮಾಲೋಚನೆಯ ಫಲ ನಾಯಕನನ್ನು ಕಟ್ಟಿಹಾಕುತ್ತದೆಯೇ, ಇಲ್ಲವೇ ಎಂಬ ಬಗ್ಗೆ ವಿದ್ವಾಂಸರಲ್ಲಿ ನಿಜವಾಗಿಯೂ ಎರಡು ಅಭಿಪ್ರಾಯಗಳಿವೆ. ಹಿಂದಿನ ಅನೇಕ ಫುಕಹಾಗಳು (ಧರ್ಮಶಾಸ್ತ್ರ ಪಂಡಿತರು), ನಾಯಕ ಕೇಳಬೇಕು, ಆದರೆ ಕೊನೆಯ ನಿರ್ಧಾರ ಅವನದು ಎಂದಿದ್ದಾರೆ. 3:159ರಲ್ಲಿ "ನೀವು ನಿರ್ಧರಿಸಿದ ಮೇಲೆ" ಎಂಬುದು ಏಕವಚನದಲ್ಲಿದೆ ಎಂಬುದು ಅವರ ಒಂದು ಆಧಾರ. ಪ್ರವಾದಿಯವರ (ಸ) ನಿಧನದ ನಂತರ ಝಕಾತ್ (ಕಡ್ಡಾಯ ದಾನ) ಕೊಡಲು ನಿರಾಕರಿಸಿದ ಬುಡಕಟ್ಟುಗಳ ಮೇಲೆ ಮೊದಲ ಖಲೀಫ (ಮುಸ್ಲಿಮರ ಆಡಳಿತ ನಾಯಕ) ಅಬೂಬಕರ್ (ರ) ಯುದ್ಧಕ್ಕೆ ಹೊರಟದ್ದು ಇನ್ನೊಂದು. ಉಮರ್ (ರ) ಅಂಥವರೇ ಮೊದಲು ಬೇಡ ಎಂದಿದ್ದರು. ಆದರೆ ಇತ್ತೀಚಿನ ನೂರು ನೂರೈವತ್ತು ವರ್ಷಗಳ ಅನೇಕ ವಿದ್ವಾಂಸರು ಬಹುಮತಕ್ಕೆ ನಾಯಕ ಬದ್ಧ ಎನ್ನುತ್ತಾರೆ. ಅವರಿಗೆ ಉಹುದ್ ದೊಡ್ಡ ಆಧಾರ. ಅಲ್ಲಿ ನಾಯಕರು ತಮ್ಮ ಅಭಿಪ್ರಾಯ ಬಿಟ್ಟರು. ನಿರ್ಧಾರದ ಗಟ್ಟಿತನ ತೋರಿಸಿದ್ದು ಸಭೆಯಲ್ಲಿ ಆದದ್ದನ್ನು ನಡೆಸುವುದರಲ್ಲಿ.

ನನ್ನ ಮನಸ್ಸು ಎರಡನೆಯ ಪಕ್ಷದ ಕಡೆಗಿದೆ. ಅಬೂಬಕರ್ (ರ) ಅವರ ಉದಾಹರಣೆಯನ್ನೂ ಪೂರ್ತಿ ಓದಬೇಕು. ಅವರು ಉಮರ್ (ರ) ಅವರನ್ನು "ಕೇಳಿದ್ದಾಯಿತು, ಹೋಗಿ" ಎಂದು ಕಳಿಸಲಿಲ್ಲ. ನಮಾಝನ್ನೂ ಝಕಾತನ್ನೂ ಬೇರೆ ಮಾಡಲು ಬರುವುದಿಲ್ಲ ಎಂದು ಆಧಾರ ಕೊಟ್ಟು ವಾದಿಸಿದರು. ಅದೇ ಸತ್ಯ ಎಂದು ನನಗೆ ಮನವರಿಕೆಯಾಯಿತು ಎಂದು ಉಮರ್ (ರ) ಅವರೇ ಆಮೇಲೆ ಹೇಳಿದರು. ಒಪ್ಪಿಸುವುದು ಒಂದು, ಬಾಯಿ ಮುಚ್ಚಿಸುವುದು ಇನ್ನೊಂದು.

ಆದರೆ ನಿಮ್ಮ ಕಮಿಟಿಯ ವಿಷಯದಲ್ಲಿ ಈ ದೊಡ್ಡ ವಾದಕ್ಕೆ ಹೋಗುವ ಅಗತ್ಯವೇ ಇಲ್ಲ. ನಿಮ್ಮ ಅಧ್ಯಕ್ಷರು ಖಲೀಫರಲ್ಲ. ತಬ್ಲೀಗ್ ಜಮಾಅತ್‌ನಲ್ಲಿ ಧರ್ಮಬೋಧನೆಗೆ ಮೂರು ದಿನ, ನಲವತ್ತು ದಿನ ಹೊರಡುವ ತಂಡದ ಅಮೀರರೂ ಅಲ್ಲ. ಆ ತಂಡಗಳಲ್ಲಿ ದಿನಾ ಮಶ್ವರಾಕ್ಕೆ ಕೂರುತ್ತಾರೆ, ಒಬ್ಬೊಬ್ಬರನ್ನೇ ಕೇಳುತ್ತಾರೆ, ಅಮೀರ್ ತೀರ್ಮಾನ ಹೇಳುತ್ತಾರೆ, ಎಲ್ಲರೂ ಒಪ್ಪುತ್ತಾರೆ. ಅಡುಗೆ ಯಾರು ಮಾಡಬೇಕು, ಬಯಾನ್ (ಪ್ರವಚನ) ಯಾರು ಹೇಳಬೇಕು ಎಂಬಂಥ ವಿಷಯಕ್ಕೆ ಅದು ಚೆನ್ನಾಗಿಯೇ ನಡೆಯುತ್ತದೆ. ಆದರೆ ಹತ್ತು ಜನರ ಪ್ರಯಾಣದ ಕ್ರಮವನ್ನು ನೂರಾರು ಮನೆಗಳ ಆಸ್ತಿಗೆ ತಂದು ಹೊಂದಿಸಲು ಬರುವುದಿಲ್ಲ. ನಿಮ್ಮ ಕಮಿಟಿಗೆ ಬೈಲಾ ಇರುತ್ತದೆ. ಹೆಚ್ಚಿನ ಬೈಲಾಗಳಲ್ಲಿ ಕಮಿಟಿಯ ತೀರ್ಮಾನ ಬಹುಮತದಿಂದ ಎಂದೇ ಬರೆದಿರುತ್ತದೆ. ಅಧ್ಯಕ್ಷರು ಆ ಬೈಲಾ ಒಪ್ಪಿಯೇ ಕುರ್ಚಿಯಲ್ಲಿ ಕೂತವರು. ಅದು ಕರಾರು. ಕರಾರುಗಳನ್ನು ಪೂರೈಸಿ ಎಂಬುದು ಕುರ್‌ಆನಿನ 5ನೇ ಅಧ್ಯಾಯದ ಮೊದಲ ವಚನ. ಮುಸ್ಲಿಮರು ತಾವು ಒಪ್ಪಿದ ಷರತ್ತುಗಳಿಗೆ ಬದ್ಧರು ಎಂದು ಹದೀಸ್ (ಪ್ರವಾದಿಯವರ ಮಾತು) ಇದೆ. ಶೂರಾ ಕಟ್ಟಿಹಾಕುತ್ತದೋ ಇಲ್ಲವೋ, ಒಪ್ಪಿದ ಬೈಲಾ ಖಂಡಿತ ಕಟ್ಟಿಹಾಕುತ್ತದೆ. ಈ ವಿಷಯ ಎರಡೂ ಪಕ್ಷದ ವಿದ್ವಾಂಸರ ಮುಂದೆ ಇಡಿ, ಇದರಲ್ಲಿ ಭಿನ್ನಮತ ಬರುವುದಿಲ್ಲ.

ಯಾರ ಸೊತ್ತೋ ಅವರ ಮಾತಿಗೆ ಎಷ್ಟು ತೂಕ ಇತ್ತು ಎನ್ನುವುದಕ್ಕೆ ಕಂದಕ ಯುದ್ಧದ ಒಂದು ಘಟನೆ ಇದೆ. ಹಿಜರಿ 5, ಕ್ರಿ.ಶ. 627. ಮದೀನವನ್ನು ದೊಡ್ಡ ಸೈನ್ಯ ಮುತ್ತಿತ್ತು. ಕಂದಕ ತೋಡಿದ್ದು ಪರ್ಷಿಯಾದಿಂದ ಬಂದಿದ್ದ ಸಲ್ಮಾನ್ (ರ) ಅವರ ಸಲಹೆಯಿಂದ ಎಂಬುದನ್ನು ಮಕ್ಕಳೂ ಬಲ್ಲರು. ಆದರೆ ಇನ್ನೊಂದನ್ನು ಕಡಿಮೆ ಜನ ಹೇಳುತ್ತಾರೆ. ಮುತ್ತಿಗೆ ಬಿಗಿಯಾದಾಗ ಗತ್‌ಫಾನ್ ಬುಡಕಟ್ಟನ್ನು ವಾಪಸ್ ಕಳಿಸಲು ಮದೀನದ ಖರ್ಜೂರದ ಬೆಳೆಯಲ್ಲಿ ಮೂರನೇ ಒಂದು ಪಾಲು ಕೊಡೋಣವೇ ಎಂದು ಪ್ರವಾದಿಯವರು (ಸ) ಯೋಚಿಸಿದರು. ಮಾತುಕತೆಯೂ ನಡೆದಿತ್ತು. ಆದರೆ ಒಪ್ಪಂದ ಗಟ್ಟಿ ಮಾಡುವ ಮೊದಲು ಮದೀನದ ಇಬ್ಬರು ಮುಖಂಡರನ್ನು ಕರೆಸಿ ಕೇಳಿದರು. ಸಅದ್ ಇಬ್ನ್ ಮುಆದ್ (ರ) ಮತ್ತು ಸಅದ್ ಇಬ್ನ್ ಉಬಾದ (ರ). ಅವರೂ ಹುಬಾಬ್ (ರ) ಅವರಂತೆಯೇ, ಇದು ಅಲ್ಲಾಹನ ಆಜ್ಞೆಯೇ ಎಂದು ಮೊದಲು ಕೇಳಿದರು. ಅಲ್ಲ, ಎಲ್ಲ ಕಡೆಯಿಂದಲೂ ನಿಮ್ಮ ಮೇಲೆ ಬಾಣ ಬೀಳುತ್ತಿದೆಯಲ್ಲ ಎಂದು ನಿಮಗಾಗಿ ಯೋಚಿಸಿದ್ದು ಎಂದರು. ನಾವು ವಿಗ್ರಹ ಪೂಜಿಸುತ್ತಿದ್ದ ಕಾಲದಲ್ಲೂ ಅವರು ನಮ್ಮ ಒಂದು ಖರ್ಜೂರ ತಿಂದದ್ದು ಅತಿಥಿಯಾಗಿ, ಇಲ್ಲವೇ ದುಡ್ಡು ಕೊಟ್ಟು, ಈಗ ಇಸ್ಲಾಮಿನ ಗೌರವ ಸಿಕ್ಕ ಮೇಲೆ ಕೊಡುವುದೇ ಎಂದರು ಸಅದ್ ಇಬ್ನ್ ಮುಆದ್ (ರ). ಪ್ರವಾದಿಯವರು (ಸ) ಅಲ್ಲಿಗೇ ಬಿಟ್ಟರು. ಬರೆದಿದ್ದ ಕರಡನ್ನು ಅಳಿಸಲಾಯಿತು. ಮರ ನೆಟ್ಟವರು, ನೀರು ಹಾಕಿದವರು ಅವರು. ಖರ್ಜೂರ ಅವರದ್ದು. ಅವರನ್ನು ಕೇಳದೆ ಒಪ್ಪಂದ ಮುಗಿಸಲಿಲ್ಲ.

ಕೇಳಿದರೆ ನಾಯಕನಿಗೆ ಏನು ಲಾಭ ಎಂಬುದಕ್ಕೆ ಉಮರ್ (ರ) ಅವರ ಕಾಲದ ಸರ್ಗ್ ಎಂಬ ಜಾಗದ ಘಟನೆಗಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಕೊರೊನಾ ಕಾಲದಲ್ಲಿ ಇದನ್ನು ಎಷ್ಟೋ ಸಲ ಹೇಳಿದೆ. ಖಲೀಫ ಉಮರ್ (ರ) ಸಿರಿಯಾದ ಕಡೆ ಹೊರಟಿದ್ದರು. ಸರ್ಗ್ ತಲುಪಿದಾಗ ಮುಂದೆ ಪ್ಲೇಗ್ ಎದ್ದಿದೆ ಎಂದು ಸುದ್ದಿ ಬಂತು. ಮೊದಲು ಮುಹಾಜಿರರನ್ನು (ಮಕ್ಕಾದಿಂದ ಮೊದಲೇ ವಲಸೆ ಬಂದವರನ್ನು) ಕರೆದು ಕೇಳಿದರು. ಅವರಲ್ಲಿ ಎರಡು ಮಾತು. ಬಂದ ಕೆಲಸ ಬಿಟ್ಟು ಹೋಗುವುದೇ ಎಂದರು ಕೆಲವರು, ಇಷ್ಟು ಜನ ಸಹಾಬಿಗಳನ್ನು (ಪ್ರವಾದಿಯವರ ಸಂಗಾತಿಗಳನ್ನು) ರೋಗದ ಬಾಯಿಗೆ ಒಯ್ಯಬೇಡಿ ಎಂದರು ಉಳಿದವರು. ಅನ್ಸಾರ್‌ಗಳನ್ನು (ಮದೀನದ ಮೂಲ ಮುಸ್ಲಿಮರನ್ನು) ಕರೆದರು. ಅವರಲ್ಲೂ ಎರಡು ಮಾತು. ಮಕ್ಕಾ ವಿಜಯದ ಕಾಲದಲ್ಲಿ ವಲಸೆ ಬಂದ ಕುರೈಶ್ ಹಿರಿಯರನ್ನು ಕರೆದರು. ಅವರೆಲ್ಲ ಒಂದೇ ಬಾಯಿಯಲ್ಲಿ ವಾಪಸ್ ಹೋಗಿ ಎಂದರು. ಬೆಳಿಗ್ಗೆ ಹೊರಡುತ್ತೇನೆ ಎಂದು ಉಮರ್ (ರ) ಸಾರಿದರು.

"ಅಲ್ಲಾಹನ ವಿಧಿಯಿಂದ ಓಡಿಹೋಗುವುದೇ?" ಎಂದು ಅಬೂ ಉಬೈದ (ರ) ಕೇಳಿದರು. ಸೈನ್ಯದ ದೊಡ್ಡ ನಾಯಕ ಅವರು. ಉಮರ್ (ರ) ಹೇಳಿದ್ದು, ಅಲ್ಲಾಹನ ಒಂದು ವಿಧಿಯಿಂದ ಅಲ್ಲಾಹನ ಇನ್ನೊಂದು ವಿಧಿಯ ಕಡೆಗೇ ಹೋಗುತ್ತಿದ್ದೇವೆ ಎಂದು. ನಿಮ್ಮ ಒಂಟೆಗಳನ್ನು ಒಂದು ಕಣಿವೆಗೆ ಇಳಿಸಿದಿರಿ, ಅದರ ಒಂದು ಬದಿ ಹಸಿರು, ಇನ್ನೊಂದು ಬದಿ ಬರಡು, ಎಲ್ಲಿ ಮೇಯಿಸಿದರೂ ಅಲ್ಲಾಹನ ವಿಧಿಯೇ ಅಲ್ಲವೇ ಎಂದು ಕೇಳಿದರು. ಅಷ್ಟರಲ್ಲಿ ಬೇರೆ ಕೆಲಸಕ್ಕೆ ಹೋಗಿದ್ದ ಅಬ್ದುರ್ರಹ್ಮಾನ್ ಇಬ್ನ್ ಔಫ್ (ರ) ಬಂದರು. ಈ ಬಗ್ಗೆ ನನಗೆ ಗೊತ್ತಿದೆ ಎಂದರು. ಒಂದು ನಾಡಿನಲ್ಲಿ ರೋಗ ಇದೆ ಎಂದು ಕೇಳಿದರೆ ಅಲ್ಲಿಗೆ ಹೋಗಬೇಡಿ, ನೀವಿರುವ ಕಡೆ ಬಂದರೆ ತಪ್ಪಿಸಿಕೊಳ್ಳಲು ಹೊರಡಬೇಡಿ ಎಂದು ಪ್ರವಾದಿಯವರು (ಸ) ಹೇಳಿದ್ದನ್ನು ನಾನು ಕೇಳಿದ್ದೇನೆ ಎಂದರು. ಉಮರ್ (ರ) ಅಲ್ಲಾಹನನ್ನು ಸ್ತುತಿಸಿ ಹಿಂದಿರುಗಿದರು.

ಆ ಒಂದು ಮಾತು ಅಷ್ಟೂ ಜನರಲ್ಲಿ ಒಬ್ಬರಿಗೆ ಮಾತ್ರ ಗೊತ್ತಿತ್ತು. ಖಲೀಫರಿಗೇ ಗೊತ್ತಿರಲಿಲ್ಲ. ಮೊದಲ ಗುಂಪನ್ನು ಕೇಳಿ ಮುಂದೆ ನಡೆದಿದ್ದರೆ? ಪ್ರತಿ ಸಭೆಯಲ್ಲೂ ಇಂಥ ಒಬ್ಬರು ಇರುತ್ತಾರೆ. ಅವರು ಬಾಯಿ ಬಿಡುವ ತನಕ ಅದು ಯಾರೆಂದು ಗೊತ್ತಾಗುವುದಿಲ್ಲ.

ಅದು ಕಿರಿಯರೂ ಆಗಿರಬಹುದು. ಉಮರ್ (ರ) ಅವರ ಸಲಹಾ ಸಭೆಯಲ್ಲಿ ಕುರ್‌ಆನ್ ಬಲ್ಲವರು ಇರುತ್ತಿದ್ದರು, ವಯಸ್ಸಾದವರೂ ಯುವಕರೂ ಎಂದು ಬುಖಾರಿ ಹದೀಸ್ ಸಂಗ್ರಹದಲ್ಲಿ ಇದೆ. ಇಬ್ನ್ ಅಬ್ಬಾಸ್ (ರ) ಅವರನ್ನು ಬದ್ರ್‌ನಲ್ಲಿ ಹೋರಾಡಿದ ಹಿರಿಯರ ಜೊತೆ ಕೂರಿಸುತ್ತಿದ್ದರು. ಈ ವಯಸ್ಸಿನ ಮಕ್ಕಳು ನಮಗೂ ಇದ್ದಾರಲ್ಲ ಎಂದು ಹಿರಿಯರೊಬ್ಬರು ಗೊಣಗಿದಾಗ, ಉಮರ್ (ರ) ಎಲ್ಲರ ಎದುರೇ ಕುರ್‌ಆನಿನ ಒಂದು ಸಣ್ಣ ಅಧ್ಯಾಯದ ಅರ್ಥ ಕೇಳಿದರು. ಹುಡುಗನ ಉತ್ತರದ ಆಳ ಹಿರಿಯರಿಗೇ ಕಂಡಿತು. ನಿಮ್ಮ 28 ವಯಸ್ಸು ಅಡ್ಡಿ ಅಲ್ಲ. ಆದರೆ ಓದಿಕೊಂಡು ಹೋಗಿ.

ಹೆಂಗಸರ ವಿಷಯ. ಹಿಜರಿ 6ರಲ್ಲಿ ಹುದೈಬಿಯ ಒಪ್ಪಂದ ಆದಾಗ ಸಹಾಬಿಗಳಿಗೆ ಅದು ಗಂಟಲಲ್ಲಿ ಇಳಿಯಲಿಲ್ಲ. ಉಮ್ರಾ (ಮಕ್ಕಾ ಯಾತ್ರೆ) ಮಾಡದೆ ಹಿಂದಿರುಗಬೇಕಿತ್ತು. ಎದ್ದು ಬಲಿ ಕೊಟ್ಟು ತಲೆ ಬೋಳಿಸಿಕೊಳ್ಳಿ ಎಂದು ಪ್ರವಾದಿಯವರು (ಸ) ಮೂರು ಸಲ ಹೇಳಿದರೂ ಯಾರೂ ಏಳಲಿಲ್ಲ. ಅವರು ನೊಂದು ಡೇರೆಯೊಳಗೆ ಬಂದರು. ಪತ್ನಿ ಉಮ್ಮು ಸಲಮ (ರ) ಒಂದು ದಾರಿ ಹೇಳಿದರು. ಹೊರಗೆ ಹೋಗಿ, ಯಾರೊಡನೆಯೂ ಮಾತಾಡಬೇಡಿ, ನಿಮ್ಮ ಬಲಿ ನೀವು ಕೊಡಿ, ಕ್ಷೌರಿಕನನ್ನು ಕರೆಸಿ ತಲೆ ಬೋಳಿಸಿಕೊಳ್ಳಿ. ಹಾಗೆ ಮಾಡಿದರು. ಅದನ್ನು ನೋಡಿ ಎಲ್ಲರೂ ಎದ್ದರು. ಇನ್ನು ಉಮರ್ (ರ) ಇರಿತಕ್ಕೆ ಒಳಗಾಗಿ ಮಲಗಿದ್ದಾಗ, ಕ್ರಿ.ಶ. 644ರಲ್ಲಿ, ಮುಂದಿನ ಖಲೀಫರನ್ನು ಆರಿಸಲು 6 ಜನರ ಶೂರಾ ನೇಮಿಸಿದರು. ಸ್ವಂತ ಮಗ ಸಭೆಯಲ್ಲಿ ಇರಬಹುದು, ಆದರೆ ಅವನಿಗೆ ಅಧಿಕಾರ ಇಲ್ಲ ಎಂದರು. ಆ ಆರು ಜನರಲ್ಲಿ ಒಬ್ಬರಾದ ಅಬ್ದುರ್ರಹ್ಮಾನ್ ಇಬ್ನ್ ಔಫ್ (ರ) ತಾವು ಸ್ಪರ್ಧೆಯಿಂದ ಹಿಂದೆ ಸರಿದು ಜನರ ಮನಸ್ಸು ತಿಳಿಯಲು ಹಗಲು ರಾತ್ರಿ ಓಡಾಡಿದರು. ಮನೆಯೊಳಗಿನ ಹೆಂಗಸರನ್ನೂ, ಓದುವ ಮಕ್ಕಳನ್ನೂ, ಊರಿಗೆ ಬಂದ ಪ್ರಯಾಣಿಕರನ್ನೂ ಕೇಳಿದರು ಎಂದು ಇತಿಹಾಸಕಾರ ಇಬ್ನ್ ಕಸೀರ್ ಬರೆಯುತ್ತಾರೆ. ಮದ್ರಸಕ್ಕೆ ಮಕ್ಕಳನ್ನು ಹೊರಡಿಸುವವರು ತಾಯಂದಿರು. ಅದರ ಜಾಗದ ಬಗ್ಗೆ ಅವರನ್ನು ಕೇಳುವುದು ಯಾವ ಲೆಕ್ಕದಲ್ಲೂ ಹೊಸ ಪದ್ಧತಿ ಅಲ್ಲ. ಕಮಿಟಿಯಲ್ಲಿ ಕೂರಿಸುವ ಬಗ್ಗೆ ನಿಮ್ಮ ಊರಲ್ಲಿ ಈಗಲೇ ಒಪ್ಪಿಗೆ ಸಿಗದಿದ್ದರೆ, ಮಹಿಳೆಯರದ್ದೇ ಒಂದು ಸಭೆ ಕರೆದು ಅವರ ಅಭಿಪ್ರಾಯ ಬರೆಸಿಕೊಂಡು ಕಮಿಟಿಯಲ್ಲಿ ಓದಿ.

ಪ್ರಜಾಪ್ರಭುತ್ವದ ಪ್ರಶ್ನೆಗೆ ಚಿಕ್ಕದಾಗಿ ಹೇಳುತ್ತೇನೆ. ಎರಡೂ ಒಂದೇ ಅಲ್ಲ, ಒಂದಕ್ಕೊಂದು ವೈರಿಯೂ ಅಲ್ಲ. ಕುರ್‌ಆನ್ ಶೂರಾ ಬೇಕು ಎಂದಿತು. ಎಷ್ಟು ಜನ, ಎಷ್ಟು ವರ್ಷ, ಚೀಟಿಯೋ ಕೈ ಎತ್ತುವುದೋ ಎಂದು ಹೇಳಲಿಲ್ಲ. ಅದನ್ನು ಆಯಾ ಕಾಲದವರಿಗೆ ಬಿಟ್ಟಿತು. ಕ್ರಿ.ಶ. 661ರ ನಂತರ ಆಳ್ವಿಕೆ ತಂದೆಯಿಂದ ಮಗನಿಗೆ ಹೋಗುವ ರೂಢಿ ಬಂದು, ಮೇಲ್ಮಟ್ಟದಲ್ಲಿ ಶೂರಾ ಸೊರಗಿತು. ನಮ್ಮ ಇತಿಹಾಸದ ದೊಡ್ಡ ನಷ್ಟ ಅದು ಎಂದು ನಾನು ಭಾವಿಸುತ್ತೇನೆ. ಇಂದು ಇಂಡೊನೇಷ್ಯಾ 1945ರಿಂದ ತನ್ನ ರಾಷ್ಟ್ರೀಯ ತತ್ವಗಳಲ್ಲೇ ಸಮಾಲೋಚನೆಗೆ ಇದೇ ಧಾತುವಿನ ಪದ ಬಳಸುತ್ತದೆ. ಪಾಕಿಸ್ತಾನದ ಸಂಸತ್ತಿನ ಹೆಸರು ಮಜ್ಲಿಸೆ ಶೂರಾ. ಸೌದಿ ಅರೇಬಿಯಾದ ಮಜ್ಲಿಸುಶ್ಶೂರಾದಲ್ಲಿ 150 ಸದಸ್ಯರು, ಎಲ್ಲರೂ ದೊರೆಯಿಂದ ನೇಮಕವಾದವರು. ಹೆಸರು ಒಂದೇ, ನಡೆಯುವ ರೀತಿ ಬೇರೆ ಬೇರೆ. ಹಾಗಾಗಿ ಬೋರ್ಡು ನೋಡಬೇಡಿ. ಬೇಡ ಎಂದವನಿಗೆ ಅಲ್ಲಿ ಏನಾಗುತ್ತದೆ ಎಂದು ನೋಡಿ.

ಕೊನೆಗೆ ರಾಜೀನಾಮೆ. ಕೊಡಬೇಡಿ. ಉಹುದ್ ದಾರಿಯಿಂದ 300 ಜನರೊಡನೆ ಮನೆಗೆ ಹೋದವನ ಅಭಿಪ್ರಾಯ ತಪ್ಪಾಗಿರಲಿಲ್ಲ, ಹೋದದ್ದು ತಪ್ಪು. ನೀವು 7 ಜನ ಹೊರಗೆ ಬಂದರೆ ಉಳಿದ 4 ಜನ ಆ ಜಾಗ ಕಾಯುತ್ತಾರೆಯೇ? ಸಭೆಯ ಒಳಗಿನ ಮಾತನ್ನು ಚಹಾ ಅಂಗಡಿಗೂ ವಾಟ್ಸಪ್ ಗುಂಪಿಗೂ ಒಯ್ಯಬೇಡಿ. ಸಲಹೆ ಕೇಳಲ್ಪಟ್ಟವನು ನಂಬಿಕೆಗೆ ಒಳಪಟ್ಟವನು ಎಂದು ಪ್ರವಾದಿಯವರು (ಸ) ಹೇಳಿದ್ದಾರೆ. ಅಧ್ಯಕ್ಷರನ್ನು ಸಭೆಗೆ ಮೊದಲೇ ಅವರ ಮನೆಯಲ್ಲಿ ಕಂಡು ಮಾತಾಡಿ. ಮಹಡಿ ಸೋರಿದ ನೋವು ಅವರಿಗೆ ಇನ್ನೂ ಆರಿಲ್ಲ ಎಂದು ನನಗೆ ಅನ್ನಿಸುತ್ತದೆ. ಊರಿನವರ ಬೈಗುಳ ಆಗ ಜಾಸ್ತಿ ಬಿದ್ದದ್ದು ಅವರ ಮೇಲೆಯೇ ಇರಬೇಕು. ಅಂದು ಮಹಡಿಗೆ ಹೌದು ಎಂದು ಕೈ ಎತ್ತಿದವರು ಕಮಿಟಿಯಲ್ಲಿ ಇನ್ನೂ ಇದ್ದರೆ, ಅದರಲ್ಲಿ ನಮ್ಮ ಪಾಲೂ ಇದೆ ಎಂದು ಅವರ ಎದುರು ಒಪ್ಪಿಕೊಳ್ಳಲಿ. 3:159ರಲ್ಲಿ ಮನ್ನಿಸುವುದು ಮೊದಲು ಬರುತ್ತದೆ, ಸಮಾಲೋಚನೆ ಆಮೇಲೆ.

ಸಭೆಗೆ ಮೂರು ಕಾಗದ ಕೊಂಡೊಯ್ಯಿರಿ. ದಾನಪತ್ರದ ನಕಲು, ಕಮಿಟಿಯ ಬೈಲಾ, ಮಹಡಿ ಕೆಲಸದ ಬಿಲ್ಲುಗಳು. ಮೊದಲನೆಯದನ್ನು ಜೋರಾಗಿ ಓದಲು ಹೇಳಿ. ನಿಮ್ಮ ಭಿನ್ನಾಭಿಪ್ರಾಯ ಇದ್ದರೆ ನಡಾವಳಿ ಪುಸ್ತಕದಲ್ಲಿ ಬರೆಸಿ, ಸಹಿ ಹಾಕಿ. ಜಾಗದ ಬಗ್ಗೆ ಕಮಿಟಿ ಒಮ್ಮತಕ್ಕೆ ಬರದಿದ್ದರೆ, ಬೈಲಾ ಪ್ರಕಾರ ಮಹಾಸಭೆ ಕರೆಯಲು ಕೇಳಿ, ಶುಕ್ರವಾರ ಜುಮಾ ನಂತರ ಎಲ್ಲರಿಗೂ ಕೇಳುವಂತೆ ದಿನ ಸಾರಿಸಿ. ದಾನ ಕೊಟ್ಟ ಹಿರಿಯರ ಮನೆಯವರು ಊರಲ್ಲಿ ಯಾರಾದರೂ ಇದ್ದರೆ ಅವರ ಮನೆಗೂ ಹೋಗಿ ಕರೆದು ಬನ್ನಿ.